ಒಂಬತ್ತು ಎಂದರೆ ಉತ್ತರವಿಲ್ಲ

ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿರುವ ಮಾನ್ಯ ಪ್ರಾಂಶುಪಾಲರೇ, ವೇದಿಕೆಯ ಮೇಲಿನ ಗಣ್ಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಸಂಖ್ಯಾಶಾಸ್ತ್ರದ ಮೇಡಂ ಅವರೇ, ಫ್ಯಾನಿನ ಕೆಳಗೇ ಜಾಗ ಹಿಡಿದಿರುವ ಜಾಣ ಸಭಿಕರೇ,

ಸಾಫ್ಟ್‌ವೇರ್ ಬಳಸಿ ಸಂಖ್ಯಾ ವಿಶ್ಲೇಷಣೆ ಕಲಿತ ಅನುಭವದ ಬಗ್ಗೆ ಐದು ನಿಮಿಷ ಮಾತಾಡಿ ಎಂದಿದ್ದಾರೆ. ಇದರ ಬಗ್ಗೆ ಐದು ನಿಮಿಷ ಮಾತಾಡುವವರು ಕಡಿಮೆ, ಕೇಳುವವರು ಇನ್ನೂ ಕಡಿಮೆ. ಆದರೂ ಪ್ರಯತ್ನಿಸುತ್ತೇನೆ.

ನಮ್ಮಲ್ಲಿ ಅರ್ಧ ಜನ ಲೆಕ್ಕಕ್ಕೆ ಹೆದರಿಯೇ ಅಲ್ಲವೇ ಮನಃಶಾಸ್ತ್ರಕ್ಕೆ ಬಂದದ್ದು? ನಾನಂತೂ ಹಾಗೇ ಬಂದೆ. ಹಗಲೆಲ್ಲ ಹಲ್ಲಿನ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೆಲಸ, ಸಂಜೆ ಕಾಲೇಜು, ವಯಸ್ಸು ಮೂವತ್ತಾರು. ಮೊದಲ ದಿನ ಕಂಪ್ಯೂಟರ್ ಕೋಣೆಯಲ್ಲಿ ಸಾಫ್ಟ್‌ವೇರ್ ತೆರೆದರೆ ಪರದೆಯ ತುಂಬ ಖಾಲಿ ಚೌಕಗಳು. "ಇದ್ರಲ್ಲಿ ಮನಸ್ಸು ಎಲ್ಲಿದೆಯಮ್ಮಾ?" ಎಂದು ಪಕ್ಕದ ಹುಡುಗಿಯನ್ನು ಕೇಳಿದೆ. ಅವಳು, "ಆಂಟಿ, ಮೊದ್ಲು ಕಂಪ್ಯೂಟರ್ ಕಡೆ ತಿರುಗಿ ಕೂತ್ಕೊಳ್ಳಿ" ಎಂದಳು. ಮೇಡಂ ಮಾತ್ರ ನಗಲಿಲ್ಲ. "ಬಟನ್ ಒತ್ತೋದು ಯಾರಿಗಾದ್ರೂ ಬರುತ್ತೆ. ಒತ್ತೋಕೆ ಮುಂಚೆ ಒಂದ್ಸಲ ಕಣ್ಣು ಹಾಯಿಸಿ" ಎಂದರು. ಈ ಮಾತನ್ನು ಅವರು ದಿನವೂ ಹೇಳುತ್ತಿದ್ದರು. ನಾವು ದಿನವೂ ತಲೆಯಾಡಿಸುತ್ತಿದ್ದೆವು.

ಪ್ರಾಜೆಕ್ಟಿಗೆ ಎಲ್ಲರೂ ಪರೀಕ್ಷೆಯ ಭಯ, ಮೊಬೈಲ್ ಗೀಳು ಇಂಥ ವಿಷಯ ಆರಿಸಿಕೊಂಡರು. ನಾನು ಆರಿಸಿದ್ದು ಮಲತಾಯಿಯ ಬಳಿ ಬೆಳೆದ ಮಕ್ಕಳ ಮನಸ್ಸು. ಮುನ್ನುಡಿಯಲ್ಲಿ ಅದಕ್ಕೆ ವೈಜ್ಞಾನಿಕ ಕುತೂಹಲವೇ ಕಾರಣ ಎಂದು ಬರೆದಿದ್ದೇನೆ. ಮೇಡಂ ಇನ್ನು ಅಂಕ ಕಡಿಮೆ ಮಾಡಲಾರರು, ಹಾಗಾಗಿ ನಿಜ ಹೇಳಿಬಿಡುತ್ತೇನೆ.

ನಮ್ಮ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಹಲ್ಲಿನ ಸೆಟ್ ಮಾಡುವವರೊಬ್ಬರಿದ್ದಾರೆ. ಹೆಂಡತಿ ತೀರಿಕೊಂಡಿದ್ದರು, ಏಳು ವರ್ಷದ ಮಗಳಿದ್ದಳು. ಒಂದು ಮಧ್ಯಾಹ್ನ ಯಾರದ್ದೋ ಮೇಲ್ದವಡೆಯನ್ನು ಕೈಯಲ್ಲಿ ಹಿಡಿದುಕೊಂಡೇ, "ನಮ್ಮನೆಗೆ ಬರ್ತೀರಾ?" ಎಂದು ಕೇಳಿದರು. "ಊಟಕ್ಕಾ?" ಎಂದೆ. "ಊಟಕ್ಕಲ್ಲ, ಇರೋಕೆ" ಎಂದರು.

ಅವರನ್ನು ಕಂಡರೆ ನನಗೆ ಇಷ್ಟವಿತ್ತು, ಮುಚ್ಚುಮರೆ ಏಕೆ? ಆದರೆ ಮಲತಾಯಿಯಾಗುವುದೆಂದರೆ ಹುಡುಗಾಟವೇ? ಯಾವುದೋ ಬಡಾವಣೆಗೆ ನೀರು ಬರದಿದ್ದರೂ ಪತ್ರಿಕೆಯವರು 'ಮಲತಾಯಿ ಧೋರಣೆ' ಎಂದೇ ಬರೆಯುತ್ತಾರೆ. ನಲ್ಲಿ ತಿರುಗಿಸಿದವರು ಮಲತಾಯಿಯರೇ? ನನ್ನನ್ನು ಬೆಳೆಸಿದವರೂ ಚಿಕ್ಕಮ್ಮನೇ, ಅಪ್ಪನ ಎರಡನೆಯ ಹೆಂಡತಿ. ಯಾವುದಕ್ಕೂ ಕೊರತೆ ಮಾಡಿದವರಲ್ಲ. ಆದರೂ ಮನೆಗೆ ಬಂದವರೆಲ್ಲ ನನ್ನ ತಲೆ ಸವರಿ "ಪಾಪ" ಎಂದು ಹೋಗುತ್ತಿದ್ದರು. ಆಗ ಚಿಕ್ಕಮ್ಮನ ಮುಖ ಸಣ್ಣದಾಗುತ್ತಿದ್ದುದನ್ನು ನಾನು ನೋಡಿದ್ದೇನೆ. ನನ್ನಿಂದ ಇನ್ನೊಂದು ಮಗುವಿನ ಮನಸ್ಸು ನೊಂದರೆ? ನನಗೆ ಭಯವಾಯಿತು. "ಪ್ರಾಜೆಕ್ಟ್ ಮುಗೀಲಿ, ಆಮೇಲೆ ಹೇಳ್ತೀನಿ" ಎಂದೆ. ಮದುವೆಗೆ ಸಾಫ್ಟ್‌ವೇರಿನ ಒಪ್ಪಿಗೆಗಾಗಿ ಕಾದ ಗಂಡು ಬಹುಶಃ ಅವರೊಬ್ಬರೇ.

ಕಾಲೇಜು ವಿದ್ಯಾರ್ಥಿಗಳಿಗೆ ಪ್ರಶ್ನೆಪಟ್ಟಿ ಹಂಚಿದೆ. ಅರ್ಧ ಜನ ಹೆತ್ತ ತಾಯಿಯ ಬಳಿ ಬೆಳೆದವರು, ಅರ್ಧ ಜನ ಮಲತಾಯಿಯ ಬಳಿ. ಪ್ರತಿ ಪ್ರಶ್ನೆಗೂ ಒಂದರಿಂದ ಐದರವರೆಗೆ ಅಂಕ. ಅಂಕ ಹೆಚ್ಚಾದಷ್ಟೂ ಮನಸ್ಸಿನ ನೋವು ಹೆಚ್ಚು ಎಂದರ್ಥ. ಯಾರಾದರೂ ಉತ್ತರ ಬರೆಯದೆ ಬಿಟ್ಟಿದ್ದರೆ ಆ ಚೌಕದಲ್ಲಿ ಒಂಬತ್ತು ಎಂದು ತುಂಬುವುದು ನಮ್ಮ ರೂಢಿ. ತುಂಬಿದ ಮೇಲೆ, ಒಂಬತ್ತು ಎಂದರೆ ಉತ್ತರವಿಲ್ಲ ಎಂದು ಸಾಫ್ಟ್‌ವೇರಿಗೆ ತಿಳಿಸಬೇಕು. ನಾನು ತುಂಬಿದೆ, ತಿಳಿಸುವುದನ್ನು ಮರೆತೆ.

ಬಟನ್ ಒತ್ತಿದೆ. ಎರಡು ಗುಂಪುಗಳ ನಡುವೆ ಅಜಗಜಾಂತರ! ಮಲತಾಯಿಯ ಬಳಿ ಬೆಳೆದವರ ನೋವಿನ ಅಂಕ ಎಲ್ಲೋ ಮೇಲೆ ಹೋಗಿ ಕುಳಿತಿತ್ತು. "ಸಿಗ್ನಿಫಿಕೆಂಟ್ ಬಂತು ಆಂಟಿ, ಪಾರ್ಟಿ ಕೊಡಿ!" ಎಂದು ಸಹಪಾಠಿಗಳು ಕುಣಿದರು; ವ್ಯತ್ಯಾಸ ಆಕಸ್ಮಿಕವಲ್ಲ ಎಂದು ಅದರರ್ಥ. ನಾನು ಮಾತ್ರ ಕಂಪ್ಯೂಟರ್ ಆರಿಸಿ ಮನೆಗೆ ಹೋದೆ. ಮರುದಿನವೇ ಹಿಂಬದಿಯ ಕೋಣೆಗೆ ಹೋಗಿ, ಬೇಡ ಎಂದೆ. ಅವರು ಕಾರಣ ಕೇಳಲಿಲ್ಲ. "ಆಗ್ಲಿ ಬಿಡಿ" ಎಂದು ಹಲ್ಲಿನ ಸೆಟ್ಟಿಗೆ ಪಾಲಿಶ್ ಹಾಕಲು ಕುಳಿತರು. ಯಂತ್ರದ ಸ್ವಿಚ್ ಹಾಕುವುದನ್ನೂ ಮರೆತು, ತಿರುಗದ ಚಕ್ರಕ್ಕೆ ಹಲ್ಲು ಹಿಡಿದುಕೊಂಡಿದ್ದರು.

ಆ ವಾರ ಮೇಡಂ ನನ್ನ ಅಂಕಿಅಂಶಗಳ ಮೇಲೆ ಕಣ್ಣು ಹಾಯಿಸಿದರು.

"ಐದಕ್ಕಿಂತ ಮೇಲೆ ಅಂಕವೇ ಇಲ್ದಿರೋ ಕಡೆ ಒಂಬತ್ತು ಎಲ್ಲಿಂದ ಬಂತಮ್ಮಾ?"

"ಅದು ಉತ್ತರ ಬರೀದೆ ಬಿಟ್ಟಿದ್ದು ಮೇಡಂ."

"ನಿಮಗೆ ಗೊತ್ತು. ಅದಕ್ಕೆ ಗೊತ್ತಾ? ಇವರಷ್ಟು ನೊಂದೋರು ಯಾರೂ ಇಲ್ಲ ಅಂತ ಲೆಕ್ಕ ಹಾಕ್ಬಿಟ್ಟಿದೆ ಅದು. ಆಮೇಲೆ ನೋಡಿ, ಬಿಟ್ಟಿರೋರೆಲ್ಲ ಒಂದೇ ಗುಂಪು. ಬಿಟ್ಟಿರೋದೆಲ್ಲ 'ತಾಯಿ' ಅಂತ ಇರೋ ಪ್ರಶ್ನೆ. ಯಾಕೆ?"

ನೋಡಿದೆ. 'ತಾಯಿಯನ್ನು ನೆನೆದರೆ ಅಳು ಬರುತ್ತದೆ.' ಯಾವ ತಾಯಿ? ಹೋದವರೋ, ಮನೆಯಲ್ಲಿ ಇರುವವರೋ? "ಅವರಿಗೆ ಇಬ್ಬರಿದ್ದಾರಲ್ಲ ಮೇಡಂ. ಯಾರು ಅಂತ ನಾನು ಹೇಳೇ ಇಲ್ಲ" ಎಂದೆ. ನನಗೂ ಇಬ್ಬರು. ಆ ಪ್ರಶ್ನೆ ಬರೆದವಳು ನಾನೇ! ಸಭಿಕರೇ, ಏನೆಂದು ಹೇಳಲಿ? ಆ ಹುಡುಗ ಹುಡುಗಿಯರು ಗೊಂದಲದಿಂದ ಸುಮ್ಮನಿದ್ದುದನ್ನು ನಾನೂ ಸಾಫ್ಟ್‌ವೇರೂ ಸೇರಿ ದುಃಖ ಎಂದು ಓದಿಬಿಟ್ಟಿದ್ದೆವು.

ಸರಿಪಡಿಸಿ ಮತ್ತೆ ಬಟನ್ ಒತ್ತಿದೆ. ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಹಿಂಬದಿಯ ಕೋಣೆಗೆ ಓಡಲೆಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮೇಡಂ ಕೈ ಹಿಡಿದು ಕೂರಿಸಿದರು. "ವ್ಯತ್ಯಾಸ ಕಾಣಿಸ್ಲಿಲ್ಲ ಅಂದ್ರೆ ಇಲ್ವೇ ಇಲ್ಲ ಅಂತಲ್ಲ. ಅದೂ ಅಲ್ದೆ ಇದು ಗುಂಪಿನ ಮಾತು. ಒಂದು ಮನೆ ಹೇಗಿರುತ್ತೆ ಅಂತ ಇದಕ್ಕೆ ಗೊತ್ತಿರಲ್ಲ. ಅದನ್ನ ಆ ಮನೆಯವರನ್ನೇ ಕೇಳ್ಬೇಕು" ಎಂದರು.

ಮನೆಗೆ ಹೋದವಳೇ ಚಿಕ್ಕಮ್ಮನನ್ನು ಕೇಳಿದೆ: "ನನ್ನನ್ನ ಮೊದಲನೇ ಸಲ ನೋಡ್ದಾಗ ನಿಮಗೇನನ್ನಿಸ್ತು?"

ಚಿಕ್ಕಮ್ಮ ಒಲೆ ಒರೆಸುತ್ತಿದ್ದರು. ತಿರುಗಿ ಕೂಡ ನೋಡಲಿಲ್ಲ. "ಅನ್ನಿಸೋದೇನು? ತಲೆ ತುಂಬ ಹೇನಿತ್ತು. ಬಾಚಣಿಗೆ ಹುಡುಕಿದೆ."

"ಪ್ರೀತಿ?"

"ಅದು ಆಮೇಲೆ ಬಂತು. ಯಾವಾಗ ಅಂತ ಗೊತ್ತಾಗ್ಲಿಲ್ಲ. ಕೆಲಸ ಇತ್ತಲ್ಲ."

ಮರುದಿನ ಹಿಂಬದಿಯ ಕೋಣೆಯಲ್ಲಿ ನಿಂತು ಒಂಬತ್ತರ ಕಥೆಯನ್ನೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಕೊನೆಗೆ, "ಅಂದ್ರೆ ಹೂಂ ಅಂತಲೋ, ಊಹೂಂ ಅಂತಲೋ?" ಎಂದರು. ಹೂಂ ಎಂದೆ.

ಅದಾಗಿ ಎರಡು ವರ್ಷ. ಮಗಳು ನನ್ನನ್ನು ಇನ್ನೂ ಏನೆಂದೂ ಕರೆದಿಲ್ಲ. "ಇಲ್ನೋಡಿ", "ಕೇಳಿಸ್ತಾ" ಎಂದೇ ಕೆಲಸ ಸಾಗಿಸುತ್ತಾಳೆ. ಇದರಿಂದ ನನಗೆ ಬೇಸರವಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಈಗ ತಾನೇ, ನನ್ನನ್ನು ವೇದಿಕೆಗೆ ಕರೆದಾಗ, ಸಭೆಯಲ್ಲಿ ಅವಳ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಅವರು ನಿನಗೆ ಏನಾಗ್ಬೇಕು ಮರಿ?" ಎಂದು ಕೇಳಿದರು. ನಾನು ಎದ್ದು ನಿಂತವಳು ಸೆರಗು ಸರಿಮಾಡುವ ನೆಪದಲ್ಲಿ ಅಲ್ಲೇ ತಡೆದೆ. ಪ್ರಾಂಶುಪಾಲರೇ, ನಾನು ವೇದಿಕೆಗೆ ತಡವಾಗಿ ಬಂದದ್ದು ಅದಕ್ಕೇ, ಕ್ಷಮಿಸಿ. ಅವಳು ಒಂದಿಷ್ಟೂ ಯೋಚಿಸದೆ, "ಅವ್ರಾ? ನಮ್ಮವರು" ಎಂದಳು.

ಮೇಡಂ, ನಿಮ್ಮ ಕಣ್ಣಿಗೆ ನನ್ನ ಸಂಸಾರವೇ ಋಣಿ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ವಂದನೆಗಳು. ನಮ್ಮವರು ಅಲ್ಲಿಂದ ಹಸಿವು ಎಂದು ಸನ್ನೆ ಮಾಡುತ್ತಿದ್ದಾರೆ, ನಾನು ಇಳಿಯಬೇಕು. ನಮಸ್ಕಾರ.