ಠಾಣೆಯ ಫೋನು ಅಮ್ಮು ಅವರ ಮನೆಯಲ್ಲಿ ರಿಂಗಾದ ಬಗ್ಗೆ

ನನ್ನ ಹೆಸರು ವಾಸಂತಿ, ಗಂಡ ದಿವಂಗತ ಸುದರ್ಶನ, ಪ್ರಾಯ 47 ವರ್ಷ, ಉದ್ಯೋಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಗುತ್ತಿಗೆ ಸಹಾಯಕಿ, ವಾಸ ಮಂಡೆಕೋಲು ಗ್ರಾಮ, ಸುಳ್ಯ ತಾಲೂಕು. ಈ ಮೂಲಕ ತಿಳಿಸುವುದೇನೆಂದರೆ, ನಾನು ಹತ್ತನೇ ತರಗತಿಯವರೆಗೆ ಓದಿರುತ್ತೇನೆ. ದಿನಚರಿ ಬರೆಯುವ ಅಭ್ಯಾಸವಿದ್ದು, ಕೆಳಗಿನ ಸಮಯಗಳನ್ನು ಅದನ್ನು ನೋಡಿ ಹೇಳುತ್ತಿದ್ದೇನೆ.

ನನ್ನ ಗಂಡ ಇದೇ ಎಕ್ಸ್‌ಚೇಂಜಿನಲ್ಲಿ ಟೆಕ್ನೀಷಿಯನ್ ಆಗಿದ್ದು, ಕಳೆದ ಫೆಬ್ರವರಿ 19ರಂದು ತೀರಿಕೊಂಡರು. ಎಕ್ಸ್‌ಚೇಂಜಿನ ಯಂತ್ರಕ್ಕೆ ಸಿಕ್ಕಿಸುವ ಒಂದು ಕಾರ್ಡಿನಲ್ಲಿ 24 ಪೋರ್ಟು, ಅಂದರೆ ತಂತಿ ಸೇರುವ ಕಿಂಡಿಗಳಿದ್ದು, ಒಂದೊಂದಕ್ಕೆ ಒಂದೊಂದು ಮನೆಯ ತಂತಿ ಇರುತ್ತದೆ. ಯಾವ ಪೋರ್ಟಿಗೆ ಯಾವ ನಂಬರ್ ಎಂಬ ಪಟ್ಟಿಯನ್ನು ಅವರು ಕಂಪ್ಯೂಟರಿನಲ್ಲಿ ಮೊದಲೇ ಮಾಡಿಟ್ಟಿದ್ದರು. ಇದಕ್ಕೆ ಟೆಂಪ್ಲೇಟ್ ಎನ್ನುತ್ತಾರೆ. ಕಾರ್ಡು ಹಾಳಾದರೆ ಹೊಸದನ್ನು ಸಿಕ್ಕಿಸಿ ಟೆಂಪ್ಲೇಟ್ ಹಾಕಿದರೆ ಹತ್ತು ನಿಮಿಷದಲ್ಲಿ ಎಲ್ಲ ಫೋನುಗಳೂ ಸರಿಯಾಗುತ್ತವೆ.

ದಿನಾಂಕ 14-10-2024ರ ಸಂಜೆ 5:40ಕ್ಕೆ ಸಿಡಿಲಿಗೆ ಮೂರನೇ ಕಾರ್ಡು ಸುಟ್ಟುಹೋಯಿತು. ಮರುದಿನ ಬೆಳಿಗ್ಗೆ 10:10ಕ್ಕೆ ಹೊಸ ಮಾದರಿಯ ಕಾರ್ಡು ಸಿಕ್ಕಿಸಿದೆನು. ಹಳೆಯ ಕಾರ್ಡು ಪೋರ್ಟುಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಹೊಸದು ಒಂದರಿಂದ. ಹೊಸ ಕಾರ್ಡಾದರೆ ಟೆಂಪ್ಲೇಟಿನ ಎಣಿಕೆ ಬದಲಿಸಬೇಕೆಂದು ನನ್ನ ಗಂಡ ಎರಡು ಸಲ ಹೇಳಿಕೊಟ್ಟಿದ್ದರು. ನಾನು ಮರೆತದ್ದಲ್ಲ. ಪಟ್ಟಿಯ ಮೇಲೆ ಅವರ ಹೆಸರು, ಅವರು ಕೊನೆಯ ಸಲ ತಿದ್ದಿದ ತಾರೀಕು ಇತ್ತು. ಏನು ಬದಲಿಸಿದರೂ ಆ ತಾರೀಕು ಹೋಗಿ ಹೊಸದು ಬರುತ್ತದೆ. ಆದುದರಿಂದ ಒಂದಕ್ಷರವನ್ನೂ ಮುಟ್ಟದೆ ಹಾಗೆಯೇ ಹಾಕಿದೆನು. ದೀಪಗಳು ಹಸಿರಾದವು.

ಇದರಿಂದ ಪಟ್ಟಿಯಲ್ಲಿ ಒಬ್ಬೊಬ್ಬರ ನಂಬರ್ ಒಂದು ಸ್ಥಾನ ಹಿಂದಿನವರಿಗೆ ಹೋಯಿತು. ನೌಷಾದ್ ಅವರ ಬೇಕರಿಯ ನಂಬರ್ ಈ ಪೊಲೀಸ್ ಹೊರಠಾಣೆಗೂ, ಠಾಣೆಯ ನಂಬರ್ ಇಲ್ಲಿಂದ 300 ಮೀಟರ್ ದೂರದ ಅಮ್ಮು, ಪ್ರಾಯ 72, ಇವರ ಮನೆಗೂ ಹೋಯಿತು. ಅಂದು ಮಧ್ಯಾಹ್ನದೊಳಗೆ ನಾಲ್ವರು ಠಾಣೆಗೆ ಫೋನ್ ಮಾಡಿ ಬನ್ಸ್ ಕೇಳಿದ್ದಾಗಿಯೂ, ಐದನೆಯವರಿಗೆ ಹೆಡ್ ಕಾನ್‌ಸ್ಟೇಬಲ್ ದೇವದಾಸರು ಖಾಲಿಯಾಗಿದೆ ಎಂದು ಹೇಳಿದ್ದಾಗಿಯೂ ತಿಳಿದುಬಂದಿದೆ. ಇದನ್ನು ಬರೆಯಬೇಕೇ ಎಂದು ಬರೆದುಕೊಳ್ಳುತ್ತಿರುವ ದೇವದಾಸರು ಈಗ ಕೇಳಿದರು. ಬರೆಯಬೇಕೆಂದು ಹೇಳಿದ್ದೇನೆ.

ಅದೇ ದಿನ 11:30ಕ್ಕೆ ಅಚ್ಚುತ ಎಂಬವರು ಠಾಣೆಯೆಂದು ತಿಳಿದು ಫೋನ್ ಮಾಡಿ, ನೆರೆಯ ಜಾಸಿರ್ ತೋಡಿಗೆ, ಅಂದರೆ ನೀರಿನ ಸಣ್ಣ ಹಳ್ಳಕ್ಕೆ, ಹಾಕಿದ ಪೈಪು ತೆಗೆಯುವುದಿಲ್ಲವೆಂದು ದೂರಿದರು. ಈ ಜಗಳ ಎರಡು ವರ್ಷದ್ದು. ಅಮ್ಮು ಅವರು ಪೂರ್ತಿ ಕೇಳಿ, ಇಬ್ಬರೂ ವಾರಕ್ಕೆ ಮೂರು ಮೂರು ದಿನ ನೀರು ಬಿಟ್ಟುಕೊಳ್ಳಬೇಕು, ಭಾನುವಾರ ಯಾರೂ ಮುಟ್ಟಬಾರದು ಎಂದು ಗದರಿದರು. ಅಚ್ಚುತರು ಇದನ್ನು ಠಾಣೆಯ ತೀರ್ಮಾನವೆಂದು ಜಾಸಿರರಿಗೆ ತಿಳಿಸಿದರು. ಸಂಜೆಯೊಳಗೆ ಇಬ್ಬರೂ ಒಪ್ಪಿದರು.

ದಿನಾಂಕ 16ರಂದು 9:45ಕ್ಕೆ ಅಚ್ಚುತರು ಇದರ ಲಿಖಿತ ಪ್ರತಿ ಕೇಳಲು ಠಾಣೆಗೆ ಬಂದರು. ಅಂಥ ಫೋನು ಬಂದೇ ಇಲ್ಲವೆಂದು ಹೇಳಿ ದೇವದಾಸರು ತಮ್ಮ ಮೊಬೈಲಿನಿಂದ ಠಾಣೆಯ ನಂಬರಿಗೆ ಕರೆ ಮಾಡಿದಾಗ ಅಮ್ಮು ಅವರು ಎತ್ತಿ, “ಹೇಳಿ, ಎಂತ ದೂರು?” ಎಂದರು.

ಪೊಲೀಸರೆಂದು ನಟಿಸಿದ್ದಕ್ಕೆ ಅವರ ಮೇಲೆ ಕೇಸಾಗುತ್ತದೆಂದು ಕೇಳಿ ನಾನು 10:20ಕ್ಕೆ ಠಾಣೆಗೆ ಓಡಿಬಂದೆನು. ಅಮ್ಮು ಅವರು ಬೆಂಚಿನಲ್ಲಿ ಕುಳಿತಿದ್ದರು. “ಪೊಲೀಸು ಅಂತ ನಾನು ಹೇಳ್ಲಿಲ್ಲ ಮಾರಾಯ್ರೆ. ಅವ ಕೇಳ್ಲೂ ಇಲ್ಲ. ಮನೆಯ ಫೋನು ರಿಂಗಾದ್ರೆ ಎತ್ತುದು ಬೇಡ್ವಾ?” ಎಂದರು.

ಅವರ ತಪ್ಪು ಏನೂ ಇಲ್ಲ, ತಪ್ಪು ನನ್ನದು ಎಂದು ಹೇಳಿ ನಾನು 11:05ಕ್ಕೆ ಎಕ್ಸ್‌ಚೇಂಜ್ ತಲುಪಿದೆನು. 11:25ಕ್ಕೆ ಎಣಿಕೆ ಬದಲಿಸಿದೆನು. ಬದಲಿಸಬೇಕಾದದ್ದು ಒಂದೇ ಅಂಕಿ. ಈಗ ಪಟ್ಟಿಯ ಮೇಲೆ ಇವತ್ತಿನ ತಾರೀಕು ಇದೆ. ಹೆಸರು ನನ್ನ ಗಂಡನದೇ ಉಳಿದಿದೆ.

11:32ಕ್ಕೆ ಪರೀಕ್ಷೆಗಾಗಿ ಠಾಣೆಯ ನಂಬರಿಗೆ ಫೋನ್ ಮಾಡಿದೆನು. ಠಾಣೆಯಲ್ಲಿಯೇ ರಿಂಗಾಯಿತು. ನಾನು ಬಾಯಿ ತೆರೆಯುವ ಮೊದಲೇ ದೇವದಾಸರು, “ಬನ್ಸ್ ಇಲ್ಲ,” ಎಂದರು. ನಾನು ನಕ್ಕೆನು. ಇದನ್ನೂ ದಿನಚರಿಯಲ್ಲಿ ಸಮಯ ಸಹಿತ ಬರೆದಿರುತ್ತೇನೆ.

ಅಮ್ಮು ಅವರ ಮೇಲೆ ಯಾವ ಕ್ರಮವೂ ಬೇಡವೆಂದು ಕೋರುತ್ತೇನೆ. ಅವರ ತೀರ್ಮಾನ ಹಾಗೆಯೇ ಇರಲೆಂದು ಅಚ್ಚುತರೂ ಜಾಸಿರರೂ ಹೊರಗೆ ಕಾದು ನಿಂತಿದ್ದಾರೆ.

ಮೇಲೆ ಹೇಳಿದ್ದೆಲ್ಲ ನಡೆದದ್ದೇ ಆಗಿದ್ದು, ಓದಿಸಿ ಕೇಳಿದ್ದೇನೆ, ಸರಿಯಾಗಿದೆ.

ಸ್ಥಳ: ಮಂಡೆಕೋಲು
ದಿನಾಂಕ: 16-10-2024, ಸಂಜೆ 4:30
ಸಹಿ: ವಾಸಂತಿ ಸುದರ್ಶನ
ಬರೆದುಕೊಂಡವರು: ದೇವದಾಸ, ಹೆಡ್ ಕಾನ್‌ಸ್ಟೇಬಲ್