ಕ್ಯೂಗೆ ಸೇರಿದ ತಾರೀಖು

೧೯೬೨ರ ಜೂನ್. ಜಯನಗರದ ಬಸ್ ಕ್ಯೂನಲ್ಲಿ ನನ್ನ ಮುಂದೆ ಇಬ್ಬರು ಗುಮಾಸ್ತರು. ಹಿರಿಯರಾದ ಗಂಗಾಧರಯ್ಯನವರ ಕೈಯಲ್ಲಿ ಒಂದು ಅರ್ಜಿ. ಅವರ ಮುಂದಿದ್ದ ಜಯಸಿಂಹ ತಿರುಗಿ ಕೇಳಿದರು.

“ಅರ್ಜಿ ಕೊಡೋಕೆ ಇವತ್ತೇ ಕಡೇ ದಿನ ಅಲ್ವಾ ಸಾರ್?”

“ಹನ್ನೊಂದು ಗಂಟೆಯೊಳಗೆ ಕೊಡ್ಬೇಕು. ನಾಲ್ಕು ವರ್ಷ ಟೆಂಪರರಿಯಾಗಿ ದುಡಿದದ್ದು ಸೀನಿಯಾರಿಟಿಗೆ ಸೇರಲ್ವಂತೆ. ನನ್ನ ಹತ್ರ ಕೆಲಸ ಕಲಿತವನು ಹೆಡ್ ಕ್ಲರ್ಕ್ ಆಗ್ತಾನೆ.”

“ಅಮೆರಿಕದಲ್ಲೂ ಹೀಗಾಗಿದೆ ಸಾರ್, ಲೈಬ್ರರೀಲಿ ಓದ್ದೆ. ಮಾರ್ಮನ್ನರು ಅಂತ ಒಂದು ಪಂಥ. ಅವರ ಹನ್ನೆರಡು ಜನರ ಮಂಡಲಿಯಲ್ಲಿ ಸೀನಿಯರ್ ಯಾರೋ ಅವರೇ ಮುಂದಿನ ಅಧ್ಯಕ್ಷರು.”

“ರಿಟೈರ್ಮೆಂಟು?”

“ಇಲ್ಲ. ಸಾಯೋವರೆಗೂ ಸರ್ವೀಸು.”

“ಪಾಪ.”

“ಬ್ರಿಗಮ್ ಯಂಗ್ ಅನ್ನೋ ಅಧ್ಯಕ್ಷರು ಸ್ವಂತ ಮಗನಿಗೇ ಮಂಡಲಿಯವರ ಪದವಿಯ ದೀಕ್ಷೆ ಕೊಟ್ರು. ಆದ್ರೆ ಮಂಡಲಿಯೊಳಗೆ ಸೇರೋಕೆ ಅವನಿಗೆ ನಾಲ್ಕು ವರ್ಷ ಹಿಡೀತು. ಅಷ್ಟರಲ್ಲಿ, ತಡವಾಗಿ ದೀಕ್ಷೆ ತಗೊಂಡ ಜೋಸೆಫ್ ಎಫ್. ಸ್ಮಿತ್ ಮೊದಲೇ ಒಳಗೆ ಸೇರಿದ್ದ. ಸಾವಿರದ ಒಂಬೈನೂರನೇ ಇಸವೀಲಿ ಹಿರಿಯರು ಕೂತು, ಸೀನಿಯಾರಿಟಿಗೆ ದೀಕ್ಷೆಯ ತಾರೀಖಲ್ಲ, ಮಂಡಲಿಗೆ ಸೇರಿದ ತಾರೀಖೇ ಲೆಕ್ಕ ಅಂದ್ರು. ಮರುವರ್ಷ ಆಗಿನ ಅಧ್ಯಕ್ಷರು ತೀರಿಕೊಂಡಾಗ, ಯಂಗ್ ಅವರ ಮಗನನ್ನ ಬಿಟ್ಟು ಸ್ಮಿತ್ ಅಧ್ಯಕ್ಷ ಆದ.”

“ಅಪ್ಪ ಅಧ್ಯಕ್ಷನಾಗಿದ್ದೂ?”

“ಹೂಂ.”

“ನಮ್ಮಪ್ಪ ಅಂಚೆ ಜವಾನ. ನನ್ನ ಅರ್ಜಿ ಯಾರು ನೋಡ್ತಾರೆ, ಬಿಡಿ.”

ಬಸ್ಸು ಬಂತು. ಕಂಡಕ್ಟರ್ ಮೂಗಿನಲ್ಲೇ ರಾಗ ಎಳೆದ: “ಒಬ್ರೇ... ಒಬ್ರಿಗೇ ಜಾಗ...”

“ನೀವು ಹತ್ತಿ ಸಾರ್. ಮೊದಲು ಬಂದದ್ದು ನೀವು.”

“ಬಂದು ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಕ್ಯೂಗೆ ಸೇರಿದ್ದು ನಿಮ್ಮ ಹಿಂದೆ.”

“ಕೂತಿದ್ದನ್ನ ನಾನು ನೋಡಿದ್ದೀನಿ. ಅದೂ ಸೇರುತ್ತೆ. ಹತ್ತಿ.”

ಗಂಗಾಧರಯ್ಯನವರು ಅರ್ಜಿಯನ್ನು ಜೋಪಾನವಾಗಿ ಜೇಬಿಗಿಟ್ಟು ಹತ್ತಿದರು. ಬಸ್ಸು ಹೊರಟಿತು. ಜಯಸಿಂಹ ಹೋಗಿ ಅದೇ ಬೆಂಚಿನ ಮೇಲೆ ಕೂತರು.