ಧಾಮಿಬಾಯಿಯ ಅಳುವ ಹಾಡು

ಪಣಜಿಯ ಸಭಾಂಗಣವೊಂದರ ಮುಂದೆ ಬಂಜಾರರ ಹಾಡುಗಳ ಕುರಿತ ಉಚಿತ ಉಪನ್ಯಾಸಕ್ಕೆ ಜನ ಸಾಲುಗಟ್ಟಿದ್ದರು. ಉಪನ್ಯಾಸ ಕೇಳಲು ಬಂದಿದ್ದ ದ್ರಾಕ್ಷಾಯಿಣಿಯ ಮುಂದೆ ನಿಂತವರು ಇಬ್ಬರು ಹೆಂಗಸರು. ಒಬ್ಬಳ ಹೆಗಲ ಮೇಲೆ ಬೀಚಿನಲ್ಲಿ ಮಾರುವ ಮಣಿಸರಗಳು ಇನ್ನೂ ಜೋತಾಡುತ್ತಿದ್ದವು.

“ಗಂಡನ್ನ ಆಪರೇಷನ್ನಿಗೆ ಒಳಗ ಒಯ್ದಾರ. ದವಾಖಾನಿ ಬಿಟ್ಟು ಇಲ್ಲಿಗ್ಯಾಕ ಓಡಿ ಬಂದಿ, ಧಾಮಿಬಾಯಿ?”

“ಪ್ರೊಫೆಸರು ಇವತ್ತ ಭಾಷಣದಾಗ ಎಲ್ಲಾರಿಗೂ ಕೇಳಿಸಾಕ ನನ್ನ ಹಾಡು ಹಚ್ಚತಾರ, ಭಾಗವ್ವ.”

“ಚಲೋ ಆತಲ್ಲ!”

“ಏನ್ ಚಲೋ? ಹಳೇ ಹಾಡು ಬೇಕಂದ್ರು. ಅತ್ತಿ ಸತ್ತಾಗ ಹಾಡಿ ಅತ್ತಿದ್ನಲ್ಲ, ಅದನ್ನ ಅವರ ಮೊಬೈಲಿನ್ಯಾಗ ಹಾಡಿಬಿಟ್ಟೆ. ಮನ್ಯಾಗ ಹೆಣ ಇಲ್ಲದಾಗ ಅದನ್ನ ಹಾಡಬಾರದು.”

“ಅಯ್ಯ ಶಿವನ! ಬಾಗಿಲದಾಗ ನಿಂತಾವಗ ಹೇಳಬೇಕಿಲ್ಲ?”

“ಹೇಳಿದೆ. ಭಾಷಣ ಎಲ್ಲಾರಿಗೂ ಪುಕ್ಕಟೆ ಐತಿ, ಒಳಗ ಕುಂಡ್ರು, ಮಾತಾಡೂದಿದ್ರ ಕೊನೀಗೆ ಅಂದ.”

“ಹಂಗಾರ ಕೊನೀಗೇ ಹೇಳು.”

“ಅಷ್ಟೊತ್ತಿಗೆ ಬದುಕಿದ್ದ ಗಂಡನ ಸಲುವಾಗಿ ನಾ ಅತ್ತು ಮುಗಿಸಿರ್ತೇನಲ್ಲವ್ವ!”

ಒಳಗೆ ಮೈಕು ಕರಕರ ಎಂದಿತು. ಧಾಮಿಬಾಯಿ ಭಾಗವ್ವನ ಕೈ ಹಿಡಿದೆಳೆದುಕೊಂಡು ಮುಂದಿದ್ದವರನ್ನೆಲ್ಲ ತಳ್ಳಿ ವೇದಿಕೆಯತ್ತ ಓಡಿದಳು. “ಸಾಲು, ಸಾಲು!” ಎಂದು ಹಿಂದಿನವರು ಗದರಿದರು. ದ್ರಾಕ್ಷಾಯಿಣಿ ಗದರಲಿಲ್ಲ. ಹಾಡುಗಳನ್ನು ರೆಕಾರ್ಡ್ ಮಾಡಿಕೊಳ್ಳಲೆಂದು ಕೈಯಲ್ಲೇ ಹಿಡಿದಿದ್ದ ಮೊಬೈಲನ್ನು ಚೀಲದೊಳಗೆ ಹಾಕಿ ಝಿಪ್ ಎಳೆದಳು.